ಚಿಕ್ಕಮ್ಮನ ಹೊಟ್ಟೆಯಲ್ಲಿ ಗುಣವಾದ ನನ್ನ ಕರುಳು

ದೊಡ್ಡಾಸ್ಪತ್ರೆಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನನ್ನ ಕರುಳಿನ ಕಾಯಿಲೆ ಪೂರ್ತಿ ಗುಣವಾಗಿದೆ ಎಂದು ನಿಮ್ಮ ಆಸ್ಪತ್ರೆ ಕಳೆದ ಬುಧವಾರ ಬರೆದುಕೊಟ್ಟಿದೆ. ಸಂತೋಷ. ಆದರೆ ಈ ಸುದ್ದಿಯನ್ನು ನನ್ನ ಕರುಳಿಗೆ ಯಾರೂ ತಿಳಿಸಿದಂತಿಲ್ಲ. ಪತ್ರ ಬರೆಯಲು ಕುಳಿತ ಮೇಲೂ ಅದು ನನ್ನನ್ನು ಎಬ್ಬಿಸಿ ಓಡಿಸಿದೆ. ನಿಮ್ಮ ತಜ್ಞರು ಆ ದಿನ ನನ್ನ ಮುಖ ನೋಡಲಿಲ್ಲ, ನನ್ನ ಹೊಟ್ಟೆ ಮುಟ್ಟಲಿಲ್ಲ. ಅವರು ಒತ್ತಿ ನೋಡಿ ಮೆಚ್ಚಿಕೊಂಡದ್ದು ನನ್ನ ಚಿಕ್ಕಮ್ಮನ ಹೊಟ್ಟೆಯನ್ನು. ಇದನ್ನು ನಿಮ್ಮ ಗುಮಾಸ್ತರ ಕಿಟಕಿಯ ಮುಂದೆ ನಿಂತು ಹೇಳಲು ನನಗೆ ಬಾಯಿ ಬರಲಿಲ್ಲ. ಹಿಂದೆ ನಿಂತವರೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡಿರುವಾಗ ಭೇದಿ ಎಂಬ ಪದವನ್ನು ಹೇಗೆ ಹೇಳುವುದು? ಪತ್ರಿಕೆಯಲ್ಲಿ ಬರೆಯುವುದೇ ವಾಸಿ. ಓದುವವರು ತಿರುಗಿ ನನ್ನ ಮುಖ ನೋಡುವುದಿಲ್ಲ.

ನಾನು ದರ್ಜಿ ಅಂಗಡಿಯಲ್ಲಿ ಕಾಜಾ ಹೊಲಿದು ಗುಂಡಿ ಹಚ್ಚುವವಳು. ಎರಡು ವರ್ಷಗಳಿಂದ ಹೊಟ್ಟೆ ನುಲಿತ, ಜೊತೆಗೆ ರಕ್ತ. ನಮ್ಮ ಮಾಸ್ಟರ್ ಏನನ್ನೂ ಕೇಳದೆ ನನ್ನ ಸ್ಟೂಲನ್ನು ಹಿಂಬಾಗಿಲ ಪಕ್ಕಕ್ಕೆ ಹಾಕಿಸಿದರು. ನನ್ನ ಅಂಗಿಗಳನ್ನು ನಾನೇ ಮತ್ತೆ ಮತ್ತೆ ಒಳಗೆ ಹಿಡಿದು ಹೊಲಿದಿದ್ದೇನೆ. ಈಗ ಹಿಡಿಯಲು ಬಟ್ಟೆ ಉಳಿದಿದೆ, ಮೈ ಉಳಿದಿಲ್ಲ. ನಮ್ಮ ಬೀದಿಯ ಡಾಕ್ಟರು ಇದ್ದುದನ್ನು ಇದ್ದ ಹಾಗೆ ಹೇಳಿದರು: "ಕರುಳಲ್ಲಿ ಹುಣ್ಣಾದ ಹಾಗಿದೆ. ಇದು ನನ್ನ ಕೈಲಾಗೋದಲ್ಲಮ್ಮ. ತಜ್ಞರು ಒಳಗೆ ಕ್ಯಾಮೆರಾ ಬಿಟ್ಟು ನೋಡ್ಬೇಕು. ತಡ ಮಾಡಿದ್ರೆ ಆಮೇಲೆ ಕರುಳನ್ನೇ ಕತ್ತರಿಸಬೇಕಾಗಬಹುದು." ಕತ್ತರಿಯ ಪಕ್ಕದಲ್ಲೇ ದಿನ ಕಳೆಯುವವಳಿಗೆ ಈ ಮಾತು ಚೆನ್ನಾಗಿ ನಾಟಿತು. ಬಟ್ಟೆ ತಪ್ಪಿ ಕತ್ತರಿಸಿದರೆ ಅಂಗಡಿಗೆ ಹೋಗಿ ಮತ್ತೆ ತರಬಹುದು.

ಹೀಗೆ ನಾನು ನಿಮ್ಮ ಕರುಳಿನ ವಿಭಾಗಕ್ಕೆ ಬಂದೆ. ಆ ಓಣಿಯನ್ನು ತಾವು ನೋಡಿದ್ದೀರೋ ಇಲ್ಲವೋ ಕಾಣೆ. ಬೆಂಚಿನ ಮೇಲೆ ಕೂತವರೆಲ್ಲರಿಗೂ ಒಂದೇ ಚಿಂತೆ. ಆ ಚಿಂತೆಗೆ ಇರುವುದು ಒಂದೇ ಶೌಚಾಲಯ, ಅದೂ ಓಣಿಯ ತುದಿಯಲ್ಲಿ, ಅದಕ್ಕೂ ಬೀಗ. ಕಣ್ಣಿನ ವಿಭಾಗದ ಪಕ್ಕದಲ್ಲಿ ಮಾತ್ರ ಬೀಗವಿಲ್ಲದ ಶೌಚಾಲಯಗಳು ಸಾಲಾಗಿವೆ. ಕಣ್ಣು ಮಂಜಾದವರಿಗೆ ನಮಗಿಂತ ಅವಸರವೇ, ಮಾನ್ಯರೇ? ನಮ್ಮ ಬೀಗದ ಕೈಯನ್ನು ಮಣೆಯಂಥ ಮರದ ತುಂಡಿಗೆ ಕಟ್ಟಿ ಬಾಗಿಲು ಕಾಯುವಾತನ ವಶಕ್ಕೆ ಕೊಟ್ಟಿದ್ದೀರಿ. ಅದು ಕಳೆದುಹೋಗಬಾರದೆಂದು, ಪಡೆಯುವವರು ತಮ್ಮ ಸರದಿ ಚೀಟಿಯನ್ನು ಆತನಲ್ಲಿ ಒತ್ತೆ ಇಡಬೇಕೆಂಬ ನಿಯಮವನ್ನೂ ಮಾಡಿದ್ದೀರಿ. ಡಾಕ್ಟರ ಕೋಣೆಯ ನಿಯಮವೋ, ಕರೆದಾಗ ಚೀಟಿ ಹಿಡಿದು ಎದುರಿಗೆ ಬರಬೇಕು, ಇಲ್ಲದಿದ್ದರೆ ಸರದಿ ಹೋಯಿತು. ಎರಡೂ ನಿಯಮಗಳನ್ನು ಒಬ್ಬರೇ ಬರೆದರೋ, ಇಬ್ಬರು ಜಗಳವಾಡಿಕೊಂಡು ಬರೆದರೋ ನನಗೆ ತಿಳಿಯದು.

ಮೊದಲ ಸಲ ನನ್ನನ್ನು ಕರೆದಾಗ ನಾನು ಎಲ್ಲಿದ್ದೆನೆಂದು ಬಿಡಿಸಿ ಹೇಳಬೇಕಿಲ್ಲ. ಬಾಗಿಲು ಕಾಯುವಾತ ಸುಳ್ಳು ಹೇಳುವವನಲ್ಲ. "ಚೀಟಿ ಇದೆ ಸಿಸ್ಟರ್, ಜನ ಇಲ್ಲ" ಎಂದನಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂಬ ಹಾಗೆ, ಮರದ ತುಂಡನ್ನು ಎದೆಗಪ್ಪಿಕೊಂಡು ಓಡಿ ಬಂದ ನನಗೆ ಸಿಸ್ಟರ್ ಎರಡು ತಿಂಗಳ ಆಚೆಯ ಒಂದು ಬುಧವಾರವನ್ನು ಕೊಟ್ಟರು.

ಆ ಬುಧವಾರ ಚಿಕ್ಕಮ್ಮ ಜೊತೆಗೆ ಬಂದಳು. ನಾಚಿಕೆಯನ್ನೆಲ್ಲ ನನಗೆ ಬಿಟ್ಟು ಬಾಯನ್ನೆಲ್ಲ ತಾನು ತೆಗೆದುಕೊಂಡು ಹುಟ್ಟಿದವಳು ಅವಳು. ಬೆಂಚಿನಲ್ಲಿ ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ಬೀಗದ ಕೈಯ ಸಾಲನ್ನು ತಾವೇ ವಹಿಸಿಕೊಂಡಿದ್ದರು. ಮುಂದಿನ ಸ್ಟಾಪ್ ತನಕ ತಡೆದುಕೊಳ್ಳುವವರು ಹಿಂದೆ ನಿಲ್ಲಬೇಕೆಂದು ಅವರ ಆಜ್ಞೆ. ನನ್ನ ಮುಖ ನೋಡಿದ್ದೇ, "ಈ ಹುಡುಗಿ ಇಲ್ಲೇ ಇಳೀತಾಳೆ, ದಾರಿ ಬಿಡ್ರಪ್ಪ" ಎಂದರು. ಓಣಿಯೆಲ್ಲ ನಕ್ಕಿತು. ನಾನು ನೆಲ ನೋಡಿದೆ. ಚಿಕ್ಕಮ್ಮ ಮಾತ್ರ ಚೀಟಿಯನ್ನು ಒತ್ತೆಯಿಡಲು ಬಿಡಲಿಲ್ಲ. ತನ್ನ ಕನ್ನಡಕ ತೆಗೆದು ಬಾಗಿಲು ಕಾಯುವಾತನ ಕೈಗಿಟ್ಟು, "ಇದು ನಿನ್ನ ಬೀಗದ ಕೈಗಿಂತ ಬೆಲೆ ಬಾಳುತ್ತೆ, ಇಟ್ಕೋ" ಎಂದಳು. ಎಂಥ ಉಪಾಯ ಎಂದು ಕಂಡಕ್ಟರು ತಲೆದೂಗಿದರು. ನಾನು ನೆಮ್ಮದಿಯಾಗಿ ಹೋದೆ.

ಆಗಲೇ ಕರೆದರು. ಸರದಿ ತಪ್ಪಬಾರದೆಂದು ಚಿಕ್ಕಮ್ಮ ಚೀಟಿ ಹಿಡಿದು ಒಳನುಗ್ಗಿದಳು. ಮುಂದಿನದನ್ನು ಅವಳ ಬಾಯಲ್ಲೇ ಕೇಳಿ: "ರೋಗಿ ನಾನಲ್ಲ, ಬರ್ತಾಳೆ ಅಂತ ಹೇಳೋಕೆ ಬಾಯಿ ತೆಗೆದೆ ಕಣೇ. ನಾಲಿಗೆ ಚಾಚಿ ಅಂದ್ರು, ಚಾಚಿದೆ. ಮಲಗಿ ಅಂದ್ರು, ಮಲಗಿದೆ. ಇನ್ನೇನು ಹೇಳ್ಬೇಕು, ಉಸಿರು ಬಿಗಿ ಹಿಡೀರಿ ಅಂದ್ರು. ಉಸಿರು ಹಿಡ್ಕೊಂಡು ಮಾತಾಡೋದು ಹೇಗೆ?" ಉಸಿರು ಬಿಡಲು ಹೇಳುವಷ್ಟರಲ್ಲಿ ಡಾಕ್ಟರು ಬರೆದು ಮುಗಿಸಿದ್ದರು, ಸಿಸ್ಟರ್ ಮುಂದಿನವರನ್ನು ಕರೆದಾಗಿತ್ತು. ಕನ್ನಡಕವಿಲ್ಲದ ಚಿಕ್ಕಮ್ಮನಿಗೆ ಅಕ್ಷರ ಕಾಣಲಿಲ್ಲ. ಡಾಕ್ಟರು ನಗುನಗುತ್ತಾ ಬರೆದರು, ಒಳ್ಳೆಯದೇ ಇರಬೇಕೆಂದು ಹೆಮ್ಮೆಯಿಂದ ಹಾಳೆಯನ್ನು ನನ್ನ ಕೈಗಿತ್ತಳು.

ಒಳ್ಳೆಯದೇ ಇತ್ತು. ನೋವಿಲ್ಲ, ಊತವಿಲ್ಲ, ಮೈ ಚೆನ್ನಾಗಿ ತುಂಬಿಕೊಂಡಿದೆ, ಕ್ಯಾಮೆರಾ ಪರೀಕ್ಷೆ ಬೇಡ, ಮತ್ತೆ ಬರುವ ಅಗತ್ಯವಿಲ್ಲ. ಕಡತದಲ್ಲಿ ನನ್ನ ವಯಸ್ಸು ಇಪ್ಪತ್ತಮೂರು. ಚಿಕ್ಕಮ್ಮನಿಗೆ ಮೊಮ್ಮಕ್ಕಳಿದ್ದಾರೆ. ಕಾಯಿಲೆ ಮನುಷ್ಯರನ್ನು ಬೇಗ ಮುದಿಮಾಡುತ್ತದೆ ಎಂದು ತಜ್ಞರು ಭಾವಿಸಿರಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಕೇಳಿದ್ದೆ. ಇಲ್ಲಿ ಎಮ್ಮೆ ಗಟ್ಟಿಮುಟ್ಟಾಗಿದೆ ಎಂದು ಹೇಳಿ ಎತ್ತನ್ನು ಮನೆಗೆ ಕಳಿಸಿದರು. ಈ ಸಾಲನ್ನು ಓದಿ ಹೇಳಿದಾಗ ಚಿಕ್ಕಮ್ಮ, "ಎಮ್ಮೆ ಯಾರು ಅಂತ ಗೊತ್ತಾಯ್ತು ಬಿಡು" ಎಂದು ಮುಖ ಊದಿಸಿಕೊಂಡಳು. ಹಾಗಾಗಿ ಪತ್ರಿಕೆಯ ಮೂಲಕವೇ ಅವಳ ಕ್ಷಮೆ ಕೇಳುತ್ತೇನೆ.

ಕಿಟಕಿಯ ಗುಮಾಸ್ತರ ಬಳಿ ಹೋದೆವು. ಚಿಕ್ಕಮ್ಮ ನಡೆದುದನ್ನೆಲ್ಲ ಹೇಳಿದಳು. ಅವರು ತಾಳ್ಮೆಯಿಂದ ಕೇಳಿ, ಕಡತ ನೋಡಿ, ನನ್ನ ಕಡೆ ತಿರುಗಿದರು.

"ನಿಮಗೆ ಗುಣವಾಗಿದೆಯಲ್ಲಮ್ಮ."

"ಇಲ್ಲ ಸಾರ್."

"ಡಾಕ್ಟರು ಬರೆದಿದ್ದಾರೆ. ಅವರಿಗಿಂತ ನಿಮಗೆ ಹೆಚ್ಚು ಗೊತ್ತಾ?"

ಗೊತ್ತು ಎನ್ನಬೇಕಿತ್ತು. ಹೊಟ್ಟೆ ನನ್ನದಲ್ಲವೇ? ಆದರೆ ಅಷ್ಟರಲ್ಲಿ ಅದು ಮತ್ತೆ ಕರೆಯಿತು. ನಾನು ಓಡಿದೆ. ಓಡಿದ ನನ್ನನ್ನು ನೋಡಿ, ಇಷ್ಟು ಚುರುಕಾಗಿದ್ದಾಳಲ್ಲ ಎಂದರಂತೆ ಗುಮಾಸ್ತರು.

ಮಾನ್ಯರೇ, ನಗುತ್ತಾ ಬರೆದಿದ್ದೇನೆಂದು ಇದನ್ನು ತಮಾಷೆಯೆಂದು ಮಡಚಿಡಬೇಡಿ. ಒಳಗಿನ ಹುಣ್ಣು ನಿಮ್ಮ ಎರಡು ತಿಂಗಳ ಆಚೆಯ ಬುಧವಾರಕ್ಕೆ ಕಾಯುವುದಿಲ್ಲ. ಬೀದಿಯ ಡಾಕ್ಟರು ಹೇಳಿದ ಕತ್ತರಿ ರಾತ್ರಿ ಮಲಗಿದಾಗಲೂ ನನಗೆ ಕೇಳಿಸುತ್ತದೆ. ಬೀಗದ ಕೈ ಕಳೆದರೆ ಹೊಸದು ಮಾಡಿಸಬಹುದೆಂದು ನಿಮಗೆ ಯಾರೂ ಹೇಳಲಿಲ್ಲವೇ? ಶೌಚಾಲಯದಲ್ಲಿರುವ ರೋಗಿ ಊರು ಬಿಟ್ಟು ಹೋದವನೇ? ಕರುಳಿನ ವಿಭಾಗದಲ್ಲಿ ಆ ಶೌಚಾಲಯವೂ ಸರದಿಗೆ ಕಾಯುವ ಒಂದು ಬೆಂಚೇ. ಅಲ್ಲಿರುವವರನ್ನೂ ಹಾಜರಿದ್ದಾರೆಂದೇ ಲೆಕ್ಕ ಹಿಡಿಯಿರಿ, ಆ ಬೀಗ ತೆಗೆಸಿರಿ. ಚಿಕ್ಕಮ್ಮನ ಆರೋಗ್ಯವನ್ನು ನನ್ನ ಕಡತದಿಂದ ಹೊಡೆದುಹಾಕಿ ಅವಳಿಗೇ ಹಿಂದಿರುಗಿಸಿ, ನನ್ನ ಕಾಯಿಲೆಯನ್ನು ನನಗೆ ಕೊಡಿ. ಅದಿಲ್ಲದೆ ನನಗೆ ಔಷಧ ಸಿಗದು.

ಬರುವ ಬುಧವಾರ ಚೀಟಿ ಕೊಟ್ಟರೂ ಕೊಡದಿದ್ದರೂ ನಾನು ಬರುತ್ತೇನೆ. ಚಿಕ್ಕಮ್ಮನೂ ಬರುತ್ತಾಳೆ, ಈ ಸಲ ಕನ್ನಡಕ ಬಿಚ್ಚುವುದಿಲ್ಲ. ಕರೆದಾಗ ನಾನು ಬೆಂಚಿನಲ್ಲಿ ಕಾಣದಿದ್ದರೆ ಇಲ್ಲವೆಂದು ಬರೆಯಬೇಡಿ. ಓಣಿಯ ತುದಿಯ ಬಾಗಿಲನ್ನು ಒಮ್ಮೆ ತಟ್ಟಿಸಿ. ನನಗೆ ನಾಚಿಕೆ ಬಹಳ, ಆದರೂ ಒಳಗಿನಿಂದಲೇ ಗಟ್ಟಿಯಾಗಿ ಹೇಳುತ್ತೇನೆ: ಇದ್ದೇನೆ.

ಇಂತಿ,
ನಿಮ್ಮ ಕಡತದಲ್ಲಿ ಗುಣಮುಖಳಾಗಿ, ನಿಮ್ಮ ಓಣಿಯಲ್ಲಿ ಇನ್ನೂ ಬೀಗದ ಕೈಗೆ ಕಾಯುತ್ತಿರುವ
ಕಾಜಾ ಹೊಲಿಯುವ ಹುಡುಗಿ