ಸಮುದ್ರಕ್ಕೆ ಇಳಿಯುವ ಕುರ್ಚಿ

ಭಾನುವಾರ, ಊಟವಾದ ಮೇಲೆ

ನನ್ನ ಚಿನ್ನಿಗೆ,

ಫೋನು ಕೈಯಲ್ಲೇ ಇರುವಾಗ ಅಮ್ಮನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನಗಬೇಡ. ನಿನ್ನ ದನಿ ಕೇಳಿದರೆ ಮತ್ತೆ ಸುಳ್ಳು ಹೇಳಿಬಿಡುತ್ತೇನೆ, ಅದಕ್ಕೆ.

ದಿನಾ ನಿನಗೆ ಬರುತ್ತಿದ್ದ ಫೋಟೋಗಳಿವೆಯಲ್ಲ, ದಪ್ಪ ಹಳದಿ ಚಕ್ರದ ಕುರ್ಚಿಯಲ್ಲಿ ಕೂತು ನಾನು ಹಲ್ಲು ಕಿರಿಯುತ್ತಿರುವುದು, ಹಿಂದೆ ಸಮುದ್ರ. ಅವೆಲ್ಲ ಮರಳಿನ ಮೇಲೆ ಹಾಸಿರುವ ಹಲಗೆ ದಾರಿಯಲ್ಲಿ ತೆಗೆದವು. ಅಲ್ಲಿಂದ ಮುಂದಕ್ಕೆ ನಾನು ಹೋಗಲೇ ಇಲ್ಲ. ಫೋಟೋ ಆದ ಕೂಡಲೇ ತಲೆ ಸುತ್ತುತ್ತಿದೆ ಎಂದು ನೆಪ ಹೇಳಿ, ನನ್ನ ಮಾಮೂಲಿ ಗಾಲಿಕುರ್ಚಿಗೆ ಬಂದು, ಕೋಣೆ ಸೇರಿಕೊಳ್ಳುತ್ತಿದ್ದೆ. ನೀನು "ನೀರು ತಣ್ಣಗಿತ್ತೇನಮ್ಮಾ?" ಅಂದಾಗ "ಹೂಂ ಕಣೇ, ಮಂಜುಗಡ್ಡೆ" ಅಂದೆ. ನನಗೇನು ಗೊತ್ತಿತ್ತು? ಯಾಕೆ ಹೋಗಲಿಲ್ಲ ಅಂದರೆ, ಬಿಸಿಲು, ಮರಳು, ಹೊಸ ಜಾಗ, ಏನೋ ಒಂದು. ಬಿಡು.

ಉಳಿದಂತೆ, ಗಾಲಿಕುರ್ಚಿಯವರಿಗೆ ಅನುಕೂಲವೆಂದು ನೀನು ಹುಡುಕಿದ ಈ ಕಡಲತೀರದ ವಸತಿಗೃಹ ನೀನು ಹೇಳಿದ ಹಾಗೇ ಇದೆ. ಬಾಗಿಲಿಗೆ ಹೊಸ್ತಿಲಿಲ್ಲ, ಬಚ್ಚಲ ಗೋಡೆಗೆ ಹಿಡಿಕೆ, ಮೆಟ್ಟಿಲಿರುವ ಕಡೆಯೆಲ್ಲ ಪಕ್ಕದಲ್ಲೊಂದು ಇಳಿಜಾರು. ನೀರಲ್ಲಿ ತೇಲುವ ಆ ಹಳದಿ ಚಕ್ರದ ಕುರ್ಚಿ ಮಾತ್ರ ಒಂದೇ. ಬೆಳಿಗ್ಗೆ ಮೊದಲು ಕೇಳಿದವರ ಕೋಣೆಯ ಚೀಟಿಯನ್ನು ಅದಕ್ಕೆ ಕಟ್ಟುತ್ತಾರೆ. ಸಂಜೆಯವರೆಗೆ ಅದು ಅವರದೇ. ನಿನಗೆ ಫೋಟೋ ಕಳಿಸಬೇಕಲ್ಲ, ನಾನು ಕೋಳಿಗಿಂತ ಮುಂಚೆ ಎದ್ದು ಕೇಳಿಬಿಡುತ್ತಿದ್ದೆ.

ಪಕ್ಕದ ಕೋಣೆಯಲ್ಲಿ ಒಬ್ಬರು ನಿವೃತ್ತ ರೈಲು ಡ್ರೈವರ್ ಮತ್ತು ಅವರ ಹೆಂಡತಿ ಇದ್ದರು. ಆಕೆ ನನಗಿಂತ ದೊಡ್ಡವರು. ಎಡಭಾಗ ಸ್ವಾಧೀನವಿಲ್ಲ, ನಾಲಿಗೆ ಮಾತ್ರ ಚೆನ್ನಾಗಿ ಸ್ವಾಧೀನದಲ್ಲಿತ್ತು. ಗಂಡನನ್ನು "ನಮ್ಮ ಇಂಜಿನ್ನು" ಅನ್ನುತ್ತಿದ್ದರು. ತಿಂಡಿಯ ಹೊತ್ತಿಗೆ ದಿನವೂ ಆಕೆ "ಕುರ್ಚಿ ಇವತ್ತಾದ್ರೂ ಸಿಗುತ್ತಾ?" ಎಂದು ಕೇಳುವುದು, ಇಲ್ಲಿನ ಕೆಲಸದವರು "ಬೇರೆಯವರು ತಗೊಂಡಿದ್ದಾರಮ್ಮ" ಅನ್ನುವುದು ನನ್ನ ಕಿವಿಗೆ ಬೀಳುತ್ತಿತ್ತು. ನಾನು ತಟ್ಟೆಯೊಳಗೆ ಮುಖ ಹುದುಗಿಸಿಕೊಂಡು ಕೂತಿರುತ್ತಿದ್ದೆ.

ಶುಕ್ರವಾರ ಮಧ್ಯಾಹ್ನ ಕಿಟಕಿಯಿಂದ ನೋಡುತ್ತೇನೆ, ಆ ಯಜಮಾನರು ಹೆಂಡತಿಯನ್ನು ಅವರದೇ ಕುರ್ಚಿಯಲ್ಲಿ ಮರಳಿಗೆ ಇಳಿಸಿದ್ದಾರೆ. ನಾಲ್ಕು ಮಾರು ಹೋಗುವಷ್ಟರಲ್ಲಿ ಚಕ್ರ ಹೂತುಹೋಯಿತು. ಎಳೆದರು, ತಳ್ಳಿದರು, ಕೊನೆಗೆ ಆಕೆಯನ್ನು ಎತ್ತಿಕೊಳ್ಳಲು ಹೋದರು. ಇಬ್ಬರೂ ಬಿದ್ದರು. ಪಕ್ಕದ ಚಪ್ಪರದಡಿ ಆ ಹಳದಿ ಚಕ್ರದ ಕುರ್ಚಿ ನನ್ನ ಚೀಟಿ ಕಟ್ಟಿಕೊಂಡು ಖಾಲಿ ನಿಂತಿತ್ತು.

ನಾನು ಏನು ಮಾಡಿದೆ ಗೊತ್ತೇ ಚಿನ್ನಿ? ಗಂಟೆ ಒತ್ತಿ ಯಾರನ್ನೂ ಕರೆಯಲಿಲ್ಲ. ಪರದೆ ಎಳೆದುಕೊಂಡೆ.

ನಿನ್ನೆ ತಿಂಡಿಗೆ ಹೋದಾಗ ಆ ಯಜಮಾನರ ಮಣಿಕಟ್ಟಿಗೆ ಪಟ್ಟಿ ಸುತ್ತಿತ್ತು. ಮಧ್ಯಾಹ್ನಕ್ಕೆ ಹೊರಟುಬಿಡುವವರಿದ್ದರು. ತಟ್ಟೆ ಪಕ್ಕಕ್ಕೆ ಸರಿಸಿದೆ. ಅವರ ಮೇಜಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಆಕೆ ಚಮಚ ಕೆಳಗಿಟ್ಟರು. "ಅಂದ್ರೆ, ಇಷ್ಟು ದಿನ ಅದು ಸುಮ್ನೆ ನಿಂತಿತ್ತಾ?"

"ಹೌದು."

"ನಮ್ಮ ಇಂಜಿನ್ನು ಮಗುಚಿ ಬಿದ್ದಾಗಲೂ?"

ಅದಕ್ಕೂ ಹೌದು ಅಂದೆ. ಯಜಮಾನರು ತಲೆ ಎತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕ್ಷಮಿಸಿ ಅಂದಾಗ ಆಕೆ ಎಡಗೈಯನ್ನು ಬಲಗೈಯಿಂದ ಎತ್ತಿ ಮಡಿಲಲ್ಲಿಟ್ಟುಕೊಂಡು, "ಕ್ಷಮೆ ಎಲ್ಲ ಆಮೇಲೆ. ಈಗ ನಾನು ನೀರಿಗೆ ಇಳೀತೀನಿ, ನೀವು ಬಂದು ನೋಡ್ಬೇಕು. ಪೂರ್ತಿ ನೋಡ್ಬೇಕು" ಅಂದರು.

ಆಗಲಿ ಎಂದೆ. ಹಲಗೆ ದಾರಿಯ ತುದಿಯಲ್ಲಿ ಅವರ ಕನ್ನಡಕ, ಕಿವಿಯ ಯಂತ್ರ ಹಿಡಿದುಕೊಂಡು ಕೂತೆ. ದಡ ಕಾಯುವವನೂ, ಇಲ್ಲಿ ಎಲ್ಲರೂ ಅಕ್ಕ ಎಂದು ಕರೆಯುವ ಆಯಾ ಒಬ್ಬರೂ ಕುರ್ಚಿಯನ್ನು ಇಳಿಸಿದರು. ಮೊದಲ ಅಲೆ ಬಡಿದಾಗ ಆಕೆ ಕಿರುಚಿದ್ದು ಹೆದರಿ ಎಂದುಕೊಂಡೆ. ಅಲ್ಲ, ಸಮುದ್ರವನ್ನು ಬೈಯುತ್ತಿದ್ದರು! "ಬಾರೋ, ಇಷ್ಟೇನಾ ನಿನ್ನ ಧೈರ್ಯ!" ಕುರ್ಚಿ ತೇಲಿತು. ಗಂಡ ಮೊಣಕಾಲುದ್ದ ನೀರಲ್ಲಿ ನಿಂತು, ಪಟ್ಟಿ ಸುತ್ತಿದ ಕೈಯಲ್ಲೇ ಹೆಂಡತಿಯ ಪಾದ ಹಿಡಿದುಕೊಂಡಿದ್ದರು. ಎಷ್ಟು ದಿನದಿಂದ ಅವರು ಅದಕ್ಕಾಗಿ ಕಾದಿದ್ದರೋ. ನಾನು ಕಣ್ಣು ತಪ್ಪಿಸಲಿಲ್ಲ, ಮಾತು ಕೊಟ್ಟಿದ್ದೆನಲ್ಲ.

ಆಕೆ ಹೊರಗೆ ಬಂದವರೇ, "ಈಗ ನೀವು" ಅಂದರು. ಬೇಡ ಅಂದೆ. "ನನ್ನ ಪಾಲು ತಿಂದಿದ್ದೀರಿ, ದಕ್ಕಿಸ್ಕೊಳ್ಳೋಕಾದ್ರೂ ಇಳೀರಿ." ಇಳಿದೆ. ನೀರು ಸೊಂಟದವರೆಗೆ ಬಂತು. ತಣ್ಣಗೇನೂ ಇರಲಿಲ್ಲ, ಬೆಚ್ಚಗೇ ಇತ್ತು. ಅಲ್ಲಿ ಎಲ್ಲರೂ ಒದ್ದೆ ಚಿನ್ನಿ, ಯಾರ ಬಟ್ಟೆ ಯಾರೂ ನೋಡುವುದಿಲ್ಲ.

ಕಾರು ಹತ್ತುವಾಗ ಆಕೆ ನನ್ನ ಕಡೆ ಕೈ ಬೀಸಿದರು. ಯಜಮಾನರು ಬೀಸಲಿಲ್ಲ. ಅದು ಅವರ ಹಕ್ಕು.

ಈ ಕಾಗದ ಓದಿ ನಿನಗೆ ಸಿಟ್ಟು ಬಂದರೆ ಬರಲಿ. ಫೋಟೋಗಳನ್ನು ಅಳಿಸಿಬಿಡು.

ನಿನ್ನ ಮುಖ ನೋಡಲು ಅಳುಕುತ್ತಿರುವ,
ಅಮ್ಮ

ಮತ್ತೆ:
ಬಿಸಿಲು, ಮರಳು ಎಂದು ಬರೆದದ್ದು ಸುಳ್ಳು. ಮೊದಲ ದಿನ ನಿಜವಾಗಿಯೂ ನೀರಿಗೆ ಇಳಿಯಲೆಂದೇ ಕೂತಿದ್ದೆ. ಅರ್ಧ ದಾರಿಯಲ್ಲಿ ತಡೆಯಲಾಗದೆ ಬಟ್ಟೆಯಲ್ಲೇ ಆಗಿಹೋಯಿತು. ಸುತ್ತ ಜನ. ಅಕ್ಕನ ಕಣ್ಣಿಗೆ ಅದು ಬಿತ್ತು. ಕಾಲು ತೊಳೆಯಲು ಇಟ್ಟಿದ್ದ ಬಕೆಟ್ಟಿನ ನೀರನ್ನು ನನ್ನ ಮಡಿಲಿಗೆ ಸುರಿದು, "ಅಯ್ಯೋ, ಕೈ ಜಾರಿಬಿಡ್ತಮ್ಮ, ತಪ್ಪಾಯ್ತು!" ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದರು. ಅವರ ಮೇಲಿನವರು ಬಂದು ಅವರನ್ನು ಬೈದರು. ನಾನು ತುಟಿ ಬಿಚ್ಚಲಿಲ್ಲ.

ವಾರ್ಡಿನಲ್ಲಿ ನರ್ಸಾಗಿ ಎಷ್ಟು ಜನರ ಹಾಸಿಗೆ ಬದಲಿಸಿದ್ದೇನೆ, "ನನ್ನ ಹತ್ರ ಯಾತರ ನಾಚಿಕೆ?" ಎಂದು ಗದರಿಸಿದ್ದೇನೆ. ಅವರು ಯಾಕೆ ಗೋಡೆ ಕಡೆ ಮುಖ ತಿರುಗಿಸುತ್ತಿದ್ದರು ಎಂದು ಈಗ ತಿಳಿಯಿತು.

ಅಕ್ಕನ ಮೇಲಿನವರ ಹತ್ತಿರ ನಾಳೆ ಮಾತಾಡುತ್ತೇನೆ. ನೀನು ಕರೆದುಕೊಂಡು ಹೋಗಲು ಬರುವಾಗ, ಹಿಂದೆ ತಂದುಕೊಟ್ಟು ನನ್ನಿಂದ ಬೈಸಿಕೊಂಡೆಯಲ್ಲ, ಆ ದೊಡ್ಡವರ ಡೈಪರ್, ಒಂದು ಕಟ್ಟು ತಾ. ಚೀಲದ ಮೇಲೇ ಇಟ್ಟುಕೊಂಡು ಬಾ, ಅಡಗಿಸಬೇಡ.