ನೀವು ಬದುಕಿಸಿದ ದಂಗೆಕೋರ

ಐತಿಹಾಸಿಕ ಉತ್ಸವದ ಮುಖ್ಯಾಧಿಕಾರಿಗಳೇ,

ಶತಮಾನಗಳ ಹಿಂದೆ ಈ ಊರಿನ ಚೌಕದಲ್ಲಿ ಗಲ್ಲಿಗೇರಿದ ರೈತನೊಬ್ಬನನ್ನು ಈ ವರ್ಷದ ಉತ್ಸವದಲ್ಲಿ ತಾವು ಬದುಕಿಸಿಬಿಟ್ಟಿರಿ. ಅದರ ವಿರುದ್ಧ ದೂರು ಕೊಡಲು ಈ ಪತ್ರ. ಸತ್ತವನನ್ನು ಬದುಕಿಸಿದ್ದಕ್ಕೂ ಯಾರಾದರೂ ದೂರು ಕೊಡುತ್ತಾರೆಯೇ ಎಂದು ಹುಬ್ಬೇರಿಸಬೇಡಿ. ಪೂರ್ತಿ ಓದಿ.

ಉತ್ಸವಕ್ಕೆ ‘ರೈತ ದಂಗೆ’ ಎಂಬ ವಿಷಯ ಆರಿಸಿದವರು ತಾವೇ. ಊರಿನವರೇ ಪಾತ್ರ ಮಾಡಲಿ ಎಂದು ಕರೆ ಕೊಟ್ಟವರೂ ತಾವೇ. ಬಡಗಿಯಾದ ನನಗೆ ಗಲ್ಲುಗಂಬ ಮಾಡುವ ಕೆಲಸ ಬಂತು. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ನನ್ನ ಹೆಂಡತಿಗೆ, ನೆರೆಮನೆಯಾಕೆಯ ಬಲವಂತದಿಂದ, ಗಲ್ಲಿಗೇರಿದವನ ತಾಯಿಯ ಪಾತ್ರ ಬಂತು. ಮಾತು ಒಂದೂ ಇಲ್ಲ. ದಂಗೆ ಅಡಗಿದ ಮೇಲೆ ಸೈನಿಕರು ಹೆಣ ಇಳಿಸಿ ಕೊಡುತ್ತಾರೆ. ಅವಳು ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒದ್ದೆ ಬಟ್ಟೆಯಿಂದ ಮುಖ ಒರೆಸಬೇಕು. ಅಷ್ಟೇ.

ತಮಗೆ ಗೊತ್ತಿಲ್ಲದ್ದು ಇನ್ನು ಮುಂದಿನದು. ನಮಗೊಬ್ಬ ಮಗನಿದ್ದ. ದೂರದ ಬಂದರಿನಲ್ಲಿ ಹಡಗು ರಿಪೇರಿ ಮಾಡುವ ಕಡೆ ವೆಲ್ಡಿಂಗ್ ಮಾಡುತ್ತಿದ್ದ. ಎರಡು ವರ್ಷದ ಹಿಂದೆ ಹಡಗಿನ ತಳದಲ್ಲಿ ಬೆಂಕಿ ಹತ್ತಿತು. ಮನೆಗೆ ಬಂದದ್ದು ಮೊಳೆ ಹೊಡೆದ ಪೆಟ್ಟಿಗೆ. “ಮುಖ ಒಂದ್ಸಲ ತೋರ್ಸಿ, ಸಾಕು” ಎಂದಳು ಇವಳು. “ಬೇಡಮ್ಮ, ನೋಡೋ ಹಾಗಿಲ್ಲ” ಎಂದರು ತಂದವರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅವಳು ಆವತ್ತು ಅಳಲಿಲ್ಲ, ಆಮೇಲೂ ಅಳಲಿಲ್ಲ. ಕೆಲಸಕ್ಕೆ ಹೋದಳು, ಬಂದಳು, ಅಡುಗೆ ಮಾಡಿದಳು. ನಾನು ಅವನ ಮಾತೆತ್ತಿದರೆ ಸಾಕು, ಎದ್ದು ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

ತಾಲೀಮು ನಡೆದದ್ದು ಶಾಲೆಯ ಸಭಾಂಗಣದಲ್ಲಿ. ಹೆಣವಾಗಿದ್ದವನು ನಮ್ಮ ಬೀದಿಯ ಕ್ಷೌರಿಕ. ಬಾಯಿ ಬಿಟ್ಟರೆ ತಮಾಷೆ. “ಅಕ್ಕಾ, ಇಷ್ಟು ವರ್ಷ ಊರವರ ಮುಖ ನಾನು ಒರೆಸಿದ್ದಾಯ್ತು, ಈಗ ನನ್ನ ಸರದಿ” ಎಂದು ನಗಿಸುತ್ತ ಅವಳ ತೊಡೆಯ ಮೇಲೆ ತಲೆಯಿಟ್ಟ. ಅವಳು ಹಣೆ ಒರೆಸಿದಳು. ಕಣ್ಣಿನ ಮೂಲೆ ಒರೆಸಿದಳು. ಕಿವಿಯ ಹಿಂದಕ್ಕೆ ಕೈ ಹೋದಾಗ ಅವಳೊಳಗಿಂದ ಒಂದು ಸದ್ದು ಬಂತು. ಇಷ್ಟು ವರ್ಷದ ಸಂಸಾರದಲ್ಲಿ ನಾನು ಕೇಳಿರದ ಸದ್ದು. ಕ್ಷೌರಿಕ ಕಣ್ಣು ತೆರೆಯಲಿಲ್ಲ. “ನಿಧಾನಕ್ಕೆ ಒರ್ಸಿ ಅಕ್ಕಾ. ಎಷ್ಟೊತ್ತಾದ್ರೂ ನಾನು ಅಲ್ಲಾಡಲ್ಲ” ಎಂದ.

ಅಂದಿನಿಂದ ಅವಳು ಪ್ರತಿ ತಾಲೀಮಿನಲ್ಲೂ ಅತ್ತಳು, ಮನೆಗೆ ಬಂದು ಮಾತಾಡಿದಳು. “ಅವನ ಎಡಗಿವಿ ಹಿಂದೆ ಮಚ್ಚೆ ಇತ್ತಲ್ಲ?” ಎಂದಳು ಒಂದು ದಿನ. ಬಲಗಿವಿ ಎಂದೆ ನಾನು. “ಹೆತ್ತೋಳು ನಾನೋ ನೀವೋ?” ಎಂದು ರೇಗಿದಳು. ಜಗಳವಾಡಿದೆವು, ನಕ್ಕೆವು. ಮನೆಗೆ ಮಗ ಹಾಗೆ ವಾಪಸು ಬಂದ.

ಆಮೇಲೆ ತಾಲೀಮು ನೋಡಲು ತಾವು ಬಂದಿರಿ. “ಮಕ್ಕಳು ಮರಿ ಕಟ್ಕೊಂಡು ಬರೋ ಜನಕ್ಕೆ ಹೆಣ ಯಾಕ್ರೀ? ದೊರೆ ಕ್ಷಮಿಸಿಬಿಡ್ಲಿ. ತಾಯಿ ಮಗ ತಬ್ಬಿಕೊಳ್ಳಲಿ, ಪಟಾಕಿ ಹೊಡೆಯೋಣ” ಎಂದಿರಿ. ಕ್ಷೌರಿಕ ಕೈಮುಗಿದು, “ಸಾರ್, ನಾನು ಸಾಯೋಕೆ ರೆಡಿ ಇದ್ದೀನಿ” ಎಂದ. ತಾವು ಅದನ್ನೂ ತಮಾಷೆ ಎಂದುಕೊಂಡು ನಕ್ಕಿರಿ. ನನ್ನ ಹೆಂಡತಿಯತ್ತ ತಿರುಗಿ, “ನಿಮಗೂ ಒಳ್ಳೇದೇ ಆಯ್ತಲ್ಲಮ್ಮ, ಮಗ ಉಳ್ಕೊಂಡ” ಎಂದಿರಿ. ಅವಳು ತಲೆಯಾಡಿಸಿದಳು.

ಎಂಥ ಔದಾರ್ಯ! ಆ ಕಾಲದ ದೊರೆ ಕೊಡದ ಕ್ಷಮಾದಾನವನ್ನು ತಮ್ಮ ಕಚೇರಿ ಒಂದೇ ಸಂಜೆಯಲ್ಲಿ ಮಂಜೂರು ಮಾಡಿತು. ನಾನು ಮಾಡಿದ ಗಲ್ಲುಗಂಬಕ್ಕೆ ಬಣ್ಣದ ದೀಪ ಸುತ್ತಿಸಿ, ಬಂದವರು ಫೋಟೊ ತೆಗೆಸಿಕೊಳ್ಳುವ ಕಮಾನು ಮಾಡಿದಿರಿ. ನಗುವೇ ಬೇಕಿದ್ದರೆ ದಂಗೆಯನ್ನೇಕೆ ಆರಿಸಿದಿರಿ? ಚರಿತ್ರೆಯಲ್ಲಿ ಪಟ್ಟಾಭಿಷೇಕಗಳಿಗೇನು ಬರವೇ? ಹೊಟ್ಟೆಗಿಲ್ಲದೆ ಎದ್ದು ನಿಂತವರ ಕೂಗು ತಮಗೆ ಬೇಕು, ಅವರ ಸಾವು ಮಾತ್ರ ಬೇಡವೇ?

ಉತ್ಸವದ ದಿನ ಕ್ಷೌರಿಕ ಕೊರಳಿನ ಹಗ್ಗ ತೆಗೆದು ನಗುತ್ತ ಮೆಟ್ಟಿಲಿಳಿದ. ಅವಳು ಓಡಿ ಹೋಗಿ ತಬ್ಬಿಕೊಳ್ಳಬೇಕಿತ್ತು. ನಿಂತಲ್ಲೇ ನಿಂತಳು, ಕೈಗಳು ಜೋತುಬಿದ್ದಿದ್ದವು. ಅವನೇ ಬಂದು ತಬ್ಬಿದ. “ತಪ್ಪಾಯ್ತು ಅಕ್ಕಾ” ಎಂದು ಕಿವಿಯಲ್ಲಿ ಹೇಳಿದನಂತೆ. ಪಟಾಕಿ ಸಿಡಿಯಿತು, ಚಪ್ಪಾಳೆ ಬಿತ್ತು. ಮನೆಗೆ ಬರುವಾಗ ದಾರಿಯಲ್ಲಿ ಅವಳು ಆಡಿದ್ದು ಒಂದೇ ಮಾತು: “ಅವನ ಮೈ ಬಿಸಿ ಇತ್ತು ರೀ.” ಆಮೇಲೆ ಮಗನ ಮಾತೇ ಇಲ್ಲ. ಪಾತ್ರೆಗಳು ಮತ್ತೆ ಎರಡೆರಡು ಸಲ ತೊಳೆಸಿಕೊಳ್ಳುತ್ತಿವೆ.

ನನ್ನ ಬೇಡಿಕೆ ಇಷ್ಟೇ. ಮುಂದಿನ ವರ್ಷ ಆ ರೈತನನ್ನು ಸಾಯಲು ಬಿಡಿ, ಹೆಣವನ್ನು ತಾಯಿಯ ಕೈಗೆ ಕೊಡಿ. ಅಲ್ಲಿಯವರೆಗೆ ಕಾಯುವ ಶಕ್ತಿ ನಮ್ಮ ಮನೆಗಿಲ್ಲದ ಕಾರಣ, ಯಾವುದಾದರೊಂದು ಸಂಜೆ ಶಾಲೆಯ ಸಭಾಂಗಣವನ್ನು ನಮಗೆ ತೆರೆಸಿಕೊಡಿ. ಪ್ರೇಕ್ಷಕರು ಬೇಡ, ದೀಪಾಲಂಕಾರ ಬೇಡ. ಕ್ಷೌರಿಕ ಅಂಗಡಿ ಮುಚ್ಚಿ ಬರುತ್ತೇನೆಂದಿದ್ದಾನೆ. ಅವಳು ಬರುತ್ತಾಳೋ ಇಲ್ಲವೋ, ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಇಂತಿ,
ಗಲ್ಲುಗಂಬವನ್ನು ಗಟ್ಟಿಮುಟ್ಟಾಗಿಯೇ ಮಾಡಿಕೊಟ್ಟಿದ್ದ ಬಡಗಿ