ನೀರಾಚೆ ಒಯ್ದ ಸೀರೆ

ಆಗಸ್ಟ್ 12, ರಾಯಚೂರು

ಬರೆಯಬೇಕಂತೆ. ಸೊಸೆ ಶಶಿಕಲಾ ನೋಟ್‌ಬುಕ್ ತಂದು ಕೈಗೆ ತುರುಕಿದಳು. "ಮಾವಾರ, ಎಲ್ಲಾರ ಮ್ಯಾಲೂ ಹರಿಹಾಯ್ತೀರಿ. ಬೈಯೋದೆಲ್ಲಾ ಇದರಾಗ ಬೈರಿ." ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನಿಗೆ ಇದೆಂಥ ಶಿಕ್ಷೆ.

ಚಹಾ ಕುಡಿದೆ. ಬಿಪಿ ಗುಳಿಗೆ ನುಂಗಿದೆ. ತಂಗಿ ಅಯ್ಯಮ್ಮನಿಗೆ ಜ್ವರವಂತೆ. ದೇವದುರ್ಗದಿಂದ ಉತ್ತರಕ್ಕೆ, ಕೆರೆಯ ಆಚೆ ದಂಡೆಯಲ್ಲಿ ಅವಳ ಊರು. ಕೆರೆ ತುಂಬಿದರೆ ದಾರಿ ಮುಳುಗುತ್ತದೆ, ತೆಪ್ಪವೇ ಗತಿ. ಅಂಥಲ್ಲಿಗೆ ಹೆಣ್ಣು ಕೊಟ್ಟ ನಮ್ಮಪ್ಪ.

ಆಗಸ್ಟ್ 14, ಸಂಜೆ, ಈಚೆ ದಂಡೆ

ಅಯ್ಯಮ್ಮ ಹೋದಳು. ಬೆಳಿಗ್ಗೆ ಅವಳ ಗಂಡ ಹಂಪಯ್ಯನ ಫೋನು. "ಗದ್ದೆಪ್ಪಣ್ಣ, ತವರಸೀರಿ ತರ್ರಿ. ಅದನ್ನ ಹೊದಿಸಲಾರದ ಆಕಿನ್ನ ಎತ್ತಂಗಿಲ್ಲ."

ಸತ್ತವಳಿಗೆ ಕೊನೆಯ ಸೀರೆ ತವರಿನ ಅಣ್ಣನೇ ಹೊದಿಸಬೇಕು. ಅಂಗಡಿ ತೆರೆಯುವವರೆಗೆ ಕಟ್ಟೆ ಮೇಲೆ ಕೂತೆ. ಹಸಿರು ಸೀರೆ, ಹಳದಿ ಅಂಚು. ಅಂಗಡಿಯವ ಕೇಳಿದ, "ಮದುವಿಗೇನ್ರಿ?" ಹೂಂ ಅಂದೆ.

ಬಸ್ಸು, ಟಂಟಂ, ಆಮೇಲೆ ನೀರು. ಆಚೆ ದೀಪಗಳು ಕಾಣುತ್ತವೆ. ತೆಪ್ಪದ ಯಲ್ಲಾಲಿಂಗ ಹುಟ್ಟು ಮುಟ್ಟಲೊಲ್ಲ.

"ಗಾಳಿ ಬಿಟ್ಟದ, ಯಪ್ಪಾ. ಬೆಳಕು ಹರೀಲಿ."

"ನನ್ನ ತಂಗಿ ಸತ್ತಾಳ ಲೇ."

"ನೀ ಮುಳುಗಿದ್ರ ಸೀರಿ ಯಾರು ಒಯ್ತಾರ?"

ಸಿಗ್ನಲ್ ಇಲ್ಲ. ಶಶಿಕಲಾ ಈ ನೋಟ್‌ಬುಕ್ಕನ್ನೂ ಚೀಲಕ್ಕೆ ಹಾಕಿದ್ದಾಳೆ. ಬರೆಯುವುದು ಬಿಟ್ಟು ಬೇರೇನೂ...

ಆಗಸ್ಟ್ 17, ರಾಯಚೂರು

ಅಳು ಬರಲಿಲ್ಲ. ಈಗಲೂ ಇಲ್ಲ.

ಹದಿನೈದಕ್ಕೆ ಬೆಳಿಗ್ಗೆ ದಾಟಿದೆ. ಮಣ್ಣು ಮಾಡಿ ಮುಗಿದಿತ್ತು. ನಾನು ಈಚೆ ಕಾಯುತ್ತಿದ್ದಾಗಲೇ ಹೊತ್ತು ಮುಳುಗುವ ಮುಂಚೆ ಎತ್ತಿದ್ದರಂತೆ. ಹೆಣ ತಡೆಯುವಂತಿರಲಿಲ್ಲವಂತೆ. ತವರಸೀರೆ ಹೊದಿಸಿದವಳು ಪಕ್ಕದ ಮನೆಯ ಮಹಬೂಬೀ.

"ನಿಮ್ಮ ದಾರಿ ನೋಡಿದ್ವಿ ಅಣ್ಣಾ. ಅಕ್ಕಾ ಅಂತಿದ್ದೆ ನಾ. ತವರಿನಾಕಿ ನಾನ ಅಂತ ಹೊದಿಸೀನಿ. ರಂಜಾನಿಗೆ ತಂದ ಸೀರಿ, ಉಟ್ಟಿರಲಿಲ್ಲ."

"ನಾ ಸತ್ತಿದ್ನೇನು?" ಅಂದೆ.

"ಸಾಯೋ ಮಾತು ಸಾಕು. ಉಣ್ಣ ಬರ್ರಿ."

ರೊಟ್ಟಿ ಹಾಕಿದಳು. ತಿಂದೆ. ರುಚಿ ಗೊತ್ತಾಗಲಿಲ್ಲ.

ಗೋರಿ ಮೇಲಾದರೂ ಹೊದಿಸುತ್ತೇನೆ ಅಂದೆ. ಹಂಪಯ್ಯ ಕೈ ಹಿಡಿದ. "ಎರಡನೇ ತವರಸೀರಿ ಬಿದ್ರ ಮನ್ಯಾಗ ಇನ್ನೊಂದು ಹೆಣ ಬೀಳ್ತದ ಅಂತಾರ. ಹಿರೇರನ್ನ ಕೇಳಿ ಹೇಳ್ತೀನಿ. ಈಗ ಒಯ್ರಿ."

ಒಯ್ಯುವುದೆಲ್ಲಿಗೆ? ಸತ್ತವರ ಸೀರೆ ಹೊಸ್ತಿಲು ದಾಟಬಾರದು. ಶಶಿಕಲಾ ಬಾಗಿಲಲ್ಲೇ ತಡೆದಳು. ಅವಳಿಗೆ ನಾನು ಬೈಯಲಿಲ್ಲ. ಹೊರಗೆ ಬೇವಿನ ಗಿಡಕ್ಕೆ ಸೀರೆಯ ಚೀಲ ನೇತುಹಾಕಿದೆ.

ಆಗಸ್ಟ್ 20

ಮಳೆ. ಚೀಲಕ್ಕೆ ಕೊಡೆ ಕಟ್ಟಿ ಬಂದೆ. ನಾನು ತೊಯ್ದೆ.

ಹಂಪಯ್ಯ ಫೋನ್ ಎತ್ತುತ್ತಿಲ್ಲ. ಇಪ್ಪತ್ತನಾಲ್ಕಕ್ಕೆ ದಿವಸ, ಹನ್ನೊಂದನೇ ದಿನದ ಕಾರ್ಯ — ಅಂದು ಬಿಟ್ಟರೆ ಮತ್ತೆ ಗೋರಿಗೆ ಹೋಗುವವರಿಲ್ಲ.

ಹಂಪಯ್ಯ, ಅವಳಿಗೆ ಅಣ್ಣ ಇದ್ದನೋ ಇಲ್ಲವೋ? ಹೊದಿಸಲೋ ಬೇಡವೋ, ಇಪ್ಪತ್ತೆರಡರೊಳಗೆ ಹೇಳು; ಗಾಳಿ ಬಿಟ್ಟರೆ ತೆಪ್ಪಕ್ಕೆ ಮತ್ತೊಂದು ದಿನ ಕಾಯಬೇಕು.